ಎರಡನೆಯ ಹೆಡ್‌ಫೋನು

ನಮ್ಮ ಮಾವನವರ ಬೋಳುತಲೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಒಂದು ಕೆಂಪು ಗೆರೆ ಇರುತ್ತಿತ್ತು. ಹೆಡ್‌ಫೋನಿನ ಪಟ್ಟಿ ಒತ್ತಿ ಮೂಡಿದ ಗೆರೆ. ಅವರು ಊಟಕ್ಕೆ ಬಂದು ಕೂತರೆ ಅತ್ತೆ ಮೊದಲು ನೋಡುತ್ತಿದ್ದುದು ಅದನ್ನೇ. ಗೆರೆ ಗಾಢವಾಗಿದ್ದರೆ, "ಇವತ್ತ ಹಾಡಿನ ದೊಡ್ಡ ಮೈಫಿಲ್ ಆಗೇತಿ" ಎನ್ನುತ್ತ, ಅವರು ಕೇಳದೆಯೇ ಇನ್ನೊಂದು ಚಪಾತಿ ಹಾಕುವರು.

ನಾನು ಮದುವೆಯಾಗಿ ಟಿಳಕವಾಡಿಯ ಆ ಮನೆಗೆ ಬಂದಾಗ ಹೆಡ್‌ಫೋನೂ ಇರಲಿಲ್ಲ, ಹಾಡೂ ಇರಲಿಲ್ಲ. ಪಡಸಾಲೆಯಲ್ಲಿ ಎರಡು ದೊಡ್ಡ ಸ್ಪೀಕರುಗಳಿದ್ದವು. ಅವುಗಳ ಮೇಲೆ ಕಸೂತಿ ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದರು. ಅತ್ತೆಗೆ ಅರೆತಲೆನೋವು ಶುರುವಾದ ಮೇಲೆ ಮಾವನವರು ತಾವಾಗಿಯೇ ಹಾಡು ಬಂದ್ ಮಾಡಿದ್ದರಂತೆ. "ಅಕಿ ತಲಿನೋವಿನ ಮುಂದ ಹಾಡು ಏನ ದೊಡ್ಡದು" ಎನ್ನುವರು. ಅಂದರೇನು, ಸಂಜೆಯಾದರೆ ಅದೇ ಸ್ಪೀಕರಿನ ಧೂಳು ಒರೆಸುತ್ತ ನಿಲ್ಲುವರು. ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ, ಪೇಪರು ಓದಿ, ಓದಿದ್ದನ್ನೇ ಮತ್ತೆ ಓದಿ, ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತಿದ್ದರು.

ನನ್ನ ತವರು ಖಾನಾಪುರ. ಕೆಲಸವೂ ಅಲ್ಲಿಯೇ. ಗಂಡನ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ತವರೂರಿಗೆ ಹೋಗುವ ಸೊಸೆ ಎಂದು ಓಣಿಯವರು ನಗುತ್ತಿದ್ದರು. ನಮ್ಮದು ಕುರಿ ಕಾಯ್ದ ಮನೆತನ, ನನಗೆ ಗೊತ್ತಿದ್ದುದು ಡೊಳ್ಳು ಮತ್ತು ಶನಿವಾರದ ಭಜನೆ. ಗಂಡನಿಗೋ ಕ್ರಿಕೆಟ್ ಕಾಮೆಂಟರಿಯೇ ಸಂಗೀತ. ಆದರೂ ಮೊದಲ ದೀಪಾವಳಿಗೆ ಮಾವನವರಿಗೆಂದು ಒಂದು ಹೆಡ್‌ಫೋನು ತಂದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ಡಬ್ಬಿಯೊಳಗಿಟ್ಟರು.

"ಚಲೋ ಐತಿ ತಂಗೀ. ಆದ್ರ ಒಬ್ಬಾವ ಕುಂತು ಕೇಳೂದಂದ್ರ ಕದ್ದು ತಿಂದಂಗ. ನಾ ವ್ಹಾ ಅಂದ್ರ ಬಾಜೂಕ ಕುಂತವ್ರು ಹ್ಞೂಂ ಅನಬೇಕಲ್ಲಾ?"

ನನಗೆ ಸಿಟ್ಟು ಬಂತು. ಮರುದಿನ ಖಾನಾಪುರದಿಂದ ಬರುವಾಗ ಇನ್ನೊಂದು ಹೆಡ್‌ಫೋನು, ಎರಡನ್ನೂ ಒಟ್ಟಿಗೆ ಚುಚ್ಚುವ ಸಣ್ಣ ಡಬ್ಬಿ ತಂದು ಅವರ ಮುಂದಿಟ್ಟೆ. "ತಗೋರಿ ಮಾವಾರ. ಬಾಜೂಕ ನಾ ಕುಂದರ್ತೇನಿ. ಹ್ಞೂಂ ಅನ್ನಾಕ ಏನೂ ಕಲಿಬೇಕಾಗಿಲ್ಲಲ್ಲ?"

ಅವರು ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ಮೊದಲ ಸಲ ನೋಡಿದ್ದು ಆಗಲೇ.

ಅಡುಗೆಮನೆಗೆ ಹತ್ತಿದ ಕಾಳಿನ ಕೋಣೆಯನ್ನು ಖಾಲಿ ಮಾಡಿದೆವು. ಎರಡು ಬೆತ್ತದ ಕುರ್ಚಿ, ನಡುವೆ ಸ್ಟೂಲು, ಅದರ ಮೇಲೆ ಹಳೆಯ ಆಂಪ್ಲಿಫೈಯರ್. ಮಾವನವರ ಕೋಟು ನೇತುಹಾಕುತ್ತಿದ್ದ ಗೂಟಕ್ಕೆ ಹೆಡ್‌ಫೋನುಗಳು ಬಂದವು. ಮೊದಲ ದಿನ ಕಿವಿಗೆ ಹಾಕಿಕೊಂಡವರೇ ಮುಖ ಸಿಂಡರಿಸಿದರು. "ಒಳಗ ಯಾರೋ ಗುಂಯ್ ಅನ್ನಾಕತ್ತಾರ. ಅದೂ ಬ್ಯಾರೆ ಶ್ರುತಿಯೊಳಗ!" ಹುಡುಕಿದರೆ ನಮ್ಮ ಫ್ರಿಜ್ಜು. ಅದಕ್ಕೂ ಆಂಪ್ಲಿಫೈಯರಿಗೂ ಒಂದೇ ಪ್ಲಗ್ಗಿನಿಂದ ಕರೆಂಟು ಹೋಗುತ್ತಿತ್ತು. ಫ್ರಿಜ್ಜಿನ ವಾಯರನ್ನು ಬೇರೆ ಗೋಡೆಗೆ ಎಳೆಸಿದ ಮೇಲೆ ಅದು ಬಾಯಿ ಮುಚ್ಚಿತು. ಬೀದಿಯ ರಿಕ್ಷಾ ಸದ್ದು ಒಳಗೆ ಬರಬಾರದೆಂದು ನಾನು ತವರಿನಿಂದ ಕರಿ ಕಂಬಳಿಗಳನ್ನು ತಂದು ಕಿಟಕಿಗೂ ಬಾಗಿಲಿಗೂ ಇಳಿಬಿಟ್ಟೆ. ಕೋಣೆಯಲ್ಲಿ ಕುರಿಹಟ್ಟಿಯ ವಾಸನೆ ಬಂತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಾವನವರು ಮಾತ್ರ, "ಇರಲಿ ಬಿಡು, ಬೆಚ್ಚಗ ಐತಿ" ಎಂದರು.

ಎಲ್ಲಾ ಸರಿಯಾಯಿತು, ಒಂದನ್ನು ಬಿಟ್ಟು. ಕಿವಿ ಮುಚ್ಚಿಕೊಂಡ ಮನುಷ್ಯನಿಗೆ ತನ್ನ ದನಿ ಎಷ್ಟು ದೊಡ್ಡದೆಂಬುದು ತಿಳಿಯುವುದಿಲ್ಲ. ಹಾಡು ಅವರ ಕಿವಿಯೊಳಗೇ ಇರುತ್ತಿತ್ತು, ಅವರ "ವ್ಹಾ!" ಮಾತ್ರ ಕಂಬಳಿ ದಾಟಿ, ಗೋಡೆ ದಾಟಿ ಓಣಿಗೆ ಹೋಗುತ್ತಿತ್ತು. ನಾವು ಕಾಕು ಎಂದು ಕರೆಯುವ ಬಾಜು ಮನೆಯ ಹಿರಿಯಾಕೆ ಒಂದು ಸಂಜೆ ಓಡಿ ಬಂದು, "ಯಾರಿಗಿ ಏನಾತ್ರಿ?" ಎಂದು ಕೇಳಿದ್ದೂ ಉಂಟು. ಅತ್ತೆ ಲಟ್ಟಣಿಗೆ ಹಿಡಿದುಕೊಂಡೇ, "ಏನಾಗಿಲ್ರಿ. ನಮ್ಮವ್ರಿಗಿ ಸುಖ ಹೆಚ್ಚಾಗೇತಿ" ಎಂದರು.

ನನಗೆ ಅವರು ಸಂಗೀತ ಕಲಿಸಲಿಲ್ಲ. ಇದು ಇಂಥ ರಾಗ ಎಂದು ಒಂದು ದಿನವೂ ಹೇಳಲಿಲ್ಲ. ಗಾಯಕ ಎಲ್ಲೆಲ್ಲೋ ಅಲೆದು, ತಬಲಾದ ಸುತ್ತು ಮುಗಿದು, ಇಬ್ಬರೂ ಮೊದಲ ಪೆಟ್ಟಿಗೆ ಕೂಡುವ ಜಾಗ ಒಂದಿರುತ್ತದಲ್ಲ, ಅದು ಬರುವುದಕ್ಕೆ ತುಸು ಮೊದಲು ತೋರುಬೆರಳು ಎತ್ತುವರು, ಅಷ್ಟೇ. ಆಮೇಲೆ "ವ್ಹಾ!" ನಾನು "ಹ್ಞೂಂ." ಮೊದಮೊದಲು ಸುಳ್ಳು ಹ್ಞೂಂ. ಒಂದು ಸಂಜೆ ಆಫೀಸಿನಲ್ಲಿ ಯಾರಿಂದಲೋ ಬೈಸಿಕೊಂಡು ಬಂದು ಧುಮುಗುಟ್ಟುತ್ತ ಕೂತಿದ್ದೆ. ನೋಡಿದರೆ ಅವರಿಗಿಂತ ಮೊದಲೇ ನನ್ನ ಬೆರಳು ಎದ್ದಿತ್ತು. ಮಾವನವರು ಹೆಡ್‌ಫೋನು ತೆಗೆದು ನನ್ನನ್ನೇ ನೋಡಿದರು. "ಇನ್ನ ನಾ ಇಲ್ಲಂದ್ರೂ ನಡೀತೈತಿ" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋದರು. ಹೃದಯ ಮೊದಲೇ ದುರ್ಬಲವಾಗಿತ್ತು, ಹೆಚ್ಚು ನರಳಲಿಲ್ಲ. ದಿನಕರ್ಮಗಳೆಲ್ಲ ಮುಗಿದರೂ ನಾನು ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಒಬ್ಬಳೇ ಕೂತು ಕೇಳುವುದೆಂದರೆ ಕದ್ದು ತಿಂದ ಹಾಗೆ ಎಂಬುದು ಅಷ್ಟರಲ್ಲಿ ನನ್ನ ಮಾತೂ ಆಗಿತ್ತು.

ಒಂದು ಸಂಜೆ ಖಾನಾಪುರದಿಂದ ಬಂದು ನೋಡಿದರೆ ಕಂಬಳಿ ಸರಿದಿದೆ. ಅತ್ತೆ ಮಾವನವರ ಕುರ್ಚಿಯಲ್ಲಿ ಕೂತಿದ್ದಾರೆ. ತಲೆಗೆ ಏನು ಒತ್ತಿದರೂ ನೋಯುತ್ತದೆಂದು ಆ ಕೋಣೆಯತ್ತ ಸುಳಿಯದಿದ್ದ ಅತ್ತೆ, ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಸಣ್ಣಗ ಹಚ್ಚು" ಎಂದರು. "ಇಷ್ಟ ವರ್ಷ ಚಪಾತಿ ಲಟ್ಟಿಸ್ಕೋತ ಬರೇ ಅವರ ವ್ಹಾ ಕೇಳೇನವಾ. ಯಾಕಂತಿದ್ರು ಅಂತ ಗೊತ್ತ ಇಲ್ಲ. ಅವರು ಎಲ್ಲೆಲ್ಲಿ ಅಂತಿದ್ರೋ ಅಲ್ಲಲ್ಲಿ ನನಗ ತೋರ್ಸು."

ಪಟ್ಟಿ ಒತ್ತದಂತೆ ಅವರ ಸೆರಗು ಮಡಚಿ ತಲೆಯ ಮೇಲಿಟ್ಟು, ಹೆಡ್‌ಫೋನು ತೊಡಿಸಿದೆ. ಎರಡನೆಯದನ್ನು ನಾನು ಹಾಕಿಕೊಂಡೆ. ಮಾವನವರು ಸವೆಯುವಷ್ಟು ಕೇಳಿದ್ದ ಹಾಡನ್ನೇ ಸಣ್ಣಗೆ ಹಚ್ಚಿದೆ. ಗಾಯಕ ಅಲೆಯುತ್ತ ಅಲೆಯುತ್ತ ಹತ್ತಿರ ಬಂದ. ನನಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ಬೆರಳು ಎತ್ತಿದೆ.

"ಇಲ್ಲೇನು?" ಎಂದು ಅತ್ತೆ ಕೂಗಿದರು. "ಇಲ್ಲೇ ಅಂತಿದ್ರೇನು?"

ಹೌದೆಂದು ತಲೆಯಾಡಿಸಿದೆ. ಅವರ ಆ ಕೂಗು ಇಡೀ ಓಣಿಗೆ ಕೇಳಿರಬೇಕು.