ಸಾಲಿನಲ್ಲಿ ಸರ್ಗುಣಂ ಅವರ ಕೊಡ

ಬೆಳಗಿನ ಐದು ಗಂಟೆ. ಚೆನ್ನೈನ ಚೂಳೈಯಲ್ಲಿ, ನಮ್ಮ ಬೀದಿಯ ಕಾಫಿ ಅಂಗಡಿಯ ಹಿಂಬದಿಯಲ್ಲಿ ಸರ್ಗುಣಂ ಡಿಕಾಕ್ಷನ್ ಇಳಿಸುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಈ ಬೀದಿಯನ್ನು ಎಬ್ಬಿಸುತ್ತಿರುವುದು ಅವರ ಕೈ. ನಮಗೆ ಗೊತ್ತಿರುವುದು ಮಾತ್ರ ಗಲ್ಲಾದಲ್ಲಿ ಕೂರುವ ಮಾಲೀಕ ಪೊನ್ನುರಂಗಂ ಮುಖ. ಸರ್ಗುಣಂ ಅವರ ಹೆಸರು ಕೇಳಲು ನನಗೇ ಆರು ವರ್ಷ ಬೇಕಾಯಿತು; ನೆನೆದರೆ ನಾಚಿಕೆಯಾಗುತ್ತದೆ.

ದಿನಕ್ಕೆ ನಾನೂರು ಲೋಟ. ಬೆರೆಸುವುದೂ ಅವರೇ, ತೊಳೆಯುವುದೂ ಅವರೇ. ಗಂಡ ತೀರಿಕೊಂಡ ಹದಿನೇಳನೇ ದಿನ ಕೆಲಸಕ್ಕೆ ಬಂದವರು. "ಅಳೋಕೆ ಹೊತ್ತೆಲ್ಲಿತ್ತು? ಹಾಲು ಉಕ್ತಿತ್ತಲ್ಲ" ಎನ್ನುತ್ತಾರೆ.

ಇವತ್ತು ಮತದಾನ. ಬೆರಳಿನ ಶಾಯಿ ತೋರಿಸಿದವರಿಗೆ ಕಾಫಿ ಪುಕ್ಕಟೆ ಎಂದು ಮಾಲೀಕರು ಬೋರ್ಡು ಹಾಕಿದ್ದಾರೆ. ಹೆಸರು ಅವರಿಗೆ, ದುಡಿಮೆ ಇವರಿಗೆ. ಹಿಂದಿನ ಎರಡು ಚುನಾವಣೆಯಲ್ಲೂ ಸರ್ಗುಣಂ ಲೋಟ ತೊಳೆದು ಮುಗಿಸಿ ಓಡುವಷ್ಟರಲ್ಲಿ ಮತಗಟ್ಟೆಯಿದ್ದ ಶಾಲೆಯ ಗೇಟು ಮುಚ್ಚಿತ್ತು.

"ಊರವರ ಬೆರಳೆಲ್ಲ ನೋಡಿ ಕಾಫಿ ಕೊಟ್ಟೆ. ನನ್ನ ಬೆರಳೇ ಖಾಲಿ. ಈ ಸಲ ಬಿಡಲ್ಲ."

ನೀರಿನ ಲಾರಿ ಬರುವ ದಿನ ನಮ್ಮಲ್ಲಿ ಸಾಲು ನಿಲ್ಲುವುದು ಜನರಲ್ಲ, ಕೊಡಗಳು. ಕೊಡ ಇದ್ದರೆ ಆಳು ಇದ್ದಂತೆ. ಒಂಬತ್ತಕ್ಕೆ ಸರ್ಗುಣಂ ತಮ್ಮ ಹಸಿರು ಕೊಡವನ್ನು ಮತದಾನದ ಹೆಂಗಸರ ಸಾಲಿನಲ್ಲಿಟ್ಟು ಬರುತ್ತಾರೆ.

ಪೇದೆಯೊಬ್ಬ ಅದನ್ನು ಎತ್ತಿ ಗೋಡೆ ಬದಿಗಿಡುತ್ತಾನೆ. "ಯಾರದಮ್ಮ ಇದು? ಇಲ್ಲೇನು ನೀರು ಬಿಡ್ತಾರಾ?"

"ಅದು ಸರ್ಗುಣಂ" ಎನ್ನುತ್ತಾಳೆ ಹಿಂದೆ ನಿಂತ ಹೂ ಮಾರುವ ಅಂಜಲೈ. "ಬೆಳಿಗ್ಗೆ ಎರಡು ಸಲ ಕಾಫಿ ಕುಡಿದ್ಯಲ್ಲ, ಅವಳ ಕೈಯಿಂದ್ಲೇ. ಇದ್ದಲ್ಲೇ ಇಡಪ್ಪ."

ಅವನು ನಗುತ್ತಾ ಇಡುತ್ತಾನೆ. ಎರಡು ಗಂಟೆ ಕಾಲ ಹೆಂಗಸರು ಕಾಲಿನಲ್ಲೇ ಕೊಡವನ್ನು ಮುಂದೆ ಸರಿಸುತ್ತಾರೆ. ಅದು ಶಾಲೆಯ ಮೆಟ್ಟಿಲು ತಲುಪಿದ ಕೂಡಲೇ ಅಂಗಡಿಗೆ ಕೂಗು ಬರುತ್ತದೆ.

"ಈಗ್ಲೇನಾ? ನಲವತ್ತು ಜನ ನಿಂತವ್ರೆ" ಎಂದು ಮಾಲೀಕರು ಗೊಣಗುತ್ತಾರೆ.

"ನೀವೇ ಹಾಕಿ ಅಣ್ಣ. ಸಕ್ಕರೆ ಬಲಗಡೆ ಡಬ್ಬಿ" ಎಂದು ಸರ್ಗುಣಂ ಸೆರಗಿಗೆ ಕೈ ಒರೆಸಿಕೊಂಡು ಹೊರಡುತ್ತಾರೆ.

ಮಾಲೀಕರ ಕಾಫಿ ಕುಡಿದವರೆಲ್ಲ ಮುಖ ಹಿಂಡಿ, ಹಿಂದೆ ಕೆಲಸ ಮಾಡುವ ಆ ಅಕ್ಕ ಎಲ್ಲಿ ಎಂದು ಕೇಳುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು.

ಅರ್ಧ ಗಂಟೆಯಲ್ಲಿ ವಾಪಸಾದ ಸರ್ಗುಣಂ ನೇರ ಲೋಟ ತೊಳೆಯುವ ತೊಟ್ಟಿಗೆ ಕೈ ಇಳಿಸುತ್ತಾರೆ. ಯಾರಿಗೆ ವೋಟು ಹಾಕಿದಿರಿ ಎಂದು ನಾನು ಕೇಳಿದರೆ, "ಡಿಕಾಕ್ಷನ್ ಅಳತೇನೇ ಹೇಳಲ್ಲ, ಅದನ್ನ ಹೇಳ್ತೀನಾ?" ಎಂದು ರೇಗಿಸುತ್ತಾರೆ. ಇನ್ನೂರು ಲೋಟ ತೊಳೆದ ಮೇಲೆ ಎಡಗೈ ಮೇಲೆತ್ತಿ, ಬೆರಳನ್ನು ಬೆಳಕಿಗೆ ಹಿಡಿಯುತ್ತಾರೆ.

"ನೋಡು, ಎಷ್ಟು ತಿಕ್ಕಿದ್ರೂ ಹೋಗಿಲ್ಲ."