ಪಕ್ಕದ ಫ್ಲ್ಯಾಟಿನ ಅಜ್ಜಿಯ ನಿಜವಾದ ಹೆಸರು

ಅಬುಧಾಬಿಯಲ್ಲಿ ನನ್ನ ಮಗಳ ಪಕ್ಕದ ಫ್ಲ್ಯಾಟಿನಲ್ಲಿ ಯಹೂದಿ ಅಜ್ಜಿಯೊಬ್ಬರಿದ್ದರು. ಯಾರು ಮೆತ್ತಗೆ ಮಾತಾಡಿದರೂ ಕೈ ಬೀಸಿ "ಲೌಡರ್, ಲೌಡರ್" ಎನ್ನುವವರು. ಕಿವಿ ಮಂದವೇನೋ ಎಂದುಕೊಂಡಿದ್ದೆ. ಆದರೆ ನಮ್ಮ ಒಗ್ಗರಣೆ ಚಟಪಟ ಎಂದರೆ ಸಾಕು, ತಟ್ಟೆ ಹಿಡಿದು ಬಾಗಿಲಲ್ಲಿ ಹಾಜರು.

ಮೊಮ್ಮಗಳ ನಾಮಕರಣದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿ ಅವಳ ಕಿವಿಯಲ್ಲಿ ಹೆಸರನ್ನು ಪಿಸುಗುಟ್ಟಿದೆ. ಅಜ್ಜಿಯ ಮುಖ ಬಾಡಿತು.

"ಇವರಿಗೆ ಎಂತ ಆಯ್ತು ಮಾರಾಯ್ತಿ?" ಎಂದು ಮಗಳನ್ನು ಕೇಳಿದೆ.

"ಹೆಸರು ಗುಟ್ಟು ಯಾಕೆ ಅಂತಾರೆ ಅಮ್ಮ. ಎರಡನೇ ಮಹಾಯುದ್ಧದಲ್ಲಿ ಯಹೂದಿ ಮಕ್ಕಳನ್ನೂ ಕೊಲ್ತಿದ್ರಂತೆ. ಇವರನ್ನು ಸುಳ್ಳು ಹೆಸರಿಟ್ಟು ಪರದೇಶದಲ್ಲಿ ಅಡಗಿಸಿದ್ರಂತೆ. ನಿಜವಾದ ಹೆಸರನ್ನು ಇವರಮ್ಮ ಕಿವಿಯಲ್ಲಿ ಮಾತ್ರ ಹೇಳ್ತಿದ್ದದ್ದಂತೆ."

ನಾನು ಮೊಮ್ಮಗಳ ಹೆಸರನ್ನು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದೆ. ಅಜ್ಜಿ ತೊಟ್ಟಿಲಿಗೆ ಬಗ್ಗಿ, ತಮ್ಮ ನಿಜವಾದ ಹೆಸರನ್ನು ಅದಕ್ಕಿಂತಲೂ ಜೋರಾಗಿ ಹೇಳಿದರು. ಮಗು ಆಕಳಿಸಿತು.