ವೇವ್ನಿಯ ಒಲೆಯ ಮೇಲಿನ ಕಪ್ಪು ಪಾತ್ರೆ

ಬರ್ಬೀಸ್ ನದಿಯ ಕಡೆಯಿಂದ ಗಾಳಿ ಬೀಸುತ್ತಿದೆ, ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಗಯಾನಾದ ನ್ಯೂ ಆಮ್‌ಸ್ಟರ್‌ಡ್ಯಾಮ್ ಊರಿನ ತಮ್ಮ ಪುಟ್ಟ ಬೇಕರಿಯಲ್ಲಿ ವೇವ್ನಿ ಆಡೋನಿಸ್ ಹಿಟ್ಟನ್ನು ಮೂರು ಎಳೆ ಮಾಡಿ ಹೆಣೆಯುತ್ತಿದ್ದಾರೆ, ಮಗಳಿಗೆ ಜಡೆ ಹಾಕುವಷ್ಟೇ ಮೆತ್ತಗೆ. ನಾಳೆ ಕ್ರಿಸ್‌ಮಸ್. ಬೆಳಗ್ಗೆ ಈ ಜಡೆ ಬ್ರೆಡ್ಡನ್ನು ಪೆಪ್ಪರ್‌ಪಾಟ್ ಎಂಬ ಮಾಂಸದ ಸಾರಿನಲ್ಲಿ ಅದ್ದಿ ತಿನ್ನದ ಮನೆ ಈ ಬೀದಿಯಲ್ಲಿಲ್ಲ. ಆದರೆ ವೇವ್ನಿಯವರ ಕಣ್ಣು ಬ್ರೆಡ್ಡಿನ ಮೇಲಿಲ್ಲ, ಮೂಲೆಯ ಒಲೆಯ ಮೇಲಿದೆ.

ಅಲ್ಲಿರುವುದು ತೀರಿಕೊಂಡ ಅತ್ತೆ ಬಿಟ್ಟುಹೋದ ಪಾತ್ರೆ. ಒಳಗೆ ಅದೇ ಪೆಪ್ಪರ್‌ಪಾಟ್: ಮಾಂಸ, ಚಕ್ಕೆ, ಮೆಣಸಿನಕಾಯಿ, ಮರಗೆಣಸಿನ ರಸ ಬತ್ತಿಸಿದ ಕಪ್ಪು ಪಾಕ. ದಿನವೂ ಕುದಿಸಿದರೆ ಕೆಡದು. ಮುಗಿಯುವ ಮೊದಲೇ ಹೊಸ ಮಾಂಸ, ಹೊಸ ಪಾಕ ಬೀಳುತ್ತದೆ. ಅತ್ತೆ ಕುದಿಸಿದ್ದೇ ಹೀಗೆ ಸೊಸೆಯ ಕೈಗೂ ಬಂದಿದೆ. ಗಂಡ ಕಾಂಪ್ಟನ್ ದುಡಿಯುತ್ತಿದ್ದ ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಮನೆ ನಡೆಸಿದ್ದು ಇದೇ ಪಾತ್ರೆ. ಈಗ ಅಂಗಡಿ ಮುಂದಿನ ಕಟ್ಟೆಯಲ್ಲಿ ಮಾರುವ ಉಪ್ಪುಮೀನು, ಬೇಳೆ, ಅನಾನಸ್ ಟಾರ್ಟು ಎಲ್ಲ ಆಮೇಲಿನದು. ಕಟ್ಟುನಿಟ್ಟು ಒಂದೇ: ಬೇರೆ ಅಡುಗೆಗೆ ತಾಗಿದ ಸೌಟು ಅದರೊಳಗೆ ಇಳಿಯಬಾರದು.

ಮೊನ್ನೆ ಇಳಿದಿದೆ. ಕಾಂಪ್ಟನ್ ಹಸಿವಿನಲ್ಲಿ ಅನ್ನದ ಸೌಟನ್ನೇ ಅದ್ದಿದ್ದಾರೆ.

ವೇವ್ನಿ ಮುಚ್ಚಳ ತೆಗೆಯುತ್ತಾರೆ. ಅಂಚಿನಲ್ಲಿ ನೊರೆ, ಹುಳಿ ವಾಸನೆ.

"ಇನ್ನೊಂದ್ಸಲ ಕುದಿಸಿ ನೋಡೇ," ಕಾಂಪ್ಟನ್ ಮೆಲ್ಲಗೆ ಹೇಳುತ್ತಾರೆ.

"ಕುದಿಸ್ಬೇಕಾಗಿರೋದು ನಿಮ್ಮನ್ನ!"

ಇವತ್ತು ಸಂಜೆ ಬೀದಿಯವರೆಲ್ಲ ಇದಕ್ಕೆಂದೇ ಡಬ್ಬಿ ಹಿಡಿದು ಬರುವವರಿದ್ದಾರೆ. "ಹೊಸದು ಮಾಡಬಹುದು, ಸಾಮಾನೆಲ್ಲ ಇದೆ. ಆದ್ರೆ ಅದು ನನ್ನದಾಗುತ್ತೆ, ಅತ್ತೆದಲ್ಲ," ಎನ್ನುತ್ತಾ ವೇವ್ನಿ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಬಗ್ಗಿಸಿ ಚೆಲ್ಲುತ್ತಾರೆ. ಆಮೇಲೆ ಉಜ್ಜಿ ತೊಳೆಯುತ್ತಾರೆ.

ಎದುರುಮನೆಯ ದ್ರುಪತಿ ಬ್ರೆಡ್ಡಿಗೆ ಬಂದವರು ಮುಖ ನೋಡಿ ನಿಲ್ಲುತ್ತಾರೆ. "ಏನಕ್ಕಾ, ಯಾರು ಹೋದ್ರು?"

"ನಮ್ಮತ್ತೆ. ಎರಡನೇ ಸಲ."

ದ್ರುಪತಿ ಬರಿದಾದ ಪಾತ್ರೆ ನೋಡುತ್ತಾರೆ, ಕಾಂಪ್ಟನ್‌ರನ್ನು ನೋಡುತ್ತಾರೆ. ಬ್ರೆಡ್ಡು ಮರೆತು ಮನೆಗೆ ಓಡುತ್ತಾರೆ. ಮರಳಿದಾಗ ಕೈಯಲ್ಲಿ ಉಡುಪಿನ ಅಂಚಿನಿಂದಲೇ ಹಿಡಿದ ಬಿಸಿ ಬೋಗುಣಿ.

"ನನ್ನ ಬಾಣಂತನದಲ್ಲಿ ನಿಮ್ಮತ್ತೆ ಒಂದು ಬಟ್ಟಲು ಕೊಟ್ಟಿದ್ರಲ್ಲ, ಅದೇ."

"ಆಗ್ಲೇ ತಿಂದು ಮುಗಿಸಿರ್ತೀಯ ಅಂದ್ಕೊಂಡಿದ್ನಲ್ಲೇ!"

"ಮುಗಿಸೋದಾ? ಕುದಿಸೋದು ಬಿಟ್ರೆ ದೆವ್ವ ಆಗಿ ಬರ್ತೀನಿ ಅಂದಿದ್ರು ಆ ಮುದುಕಿ. ಹೆದರಿಕೊಂಡೇ ದಿನಾ ಒಲೆಗಿಡ್ತೀನಿ."

ಮೊಸರಿಗೆ ಹೆಪ್ಪು ಹಾಕುವಂತೆ ವೇವ್ನಿ ಅದನ್ನು ತೊಳೆದ ಪಾತ್ರೆಗೆ ಸುರಿಯುತ್ತಾರೆ. ಮೇಲೆ ಹೊಸ ಮಾಂಸ, ಹೊಸ ಪಾಕ. ಕುದಿ ಬಂದ ಮೇಲೆ ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕುತ್ತಾರೆ, ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಾರೆ.

"ಅತ್ತೆ ಕೇಳಿದೋರಿಗೆಲ್ಲ ಬಟ್ಟಲು ತುಂಬಿ ಕೊಡ್ತಿದ್ರು. ಏನು ಕೈ ಧಾರಾಳವೋ ಅಂದ್ಕೊಳ್ತಿದ್ದೆ," ಎಂದು ಕಣ್ಣೊರೆಸಿಕೊಳ್ಳುತ್ತಾರೆ. "ಧಾರಾಳ ಅಲ್ಲ, ಜಾಣತನ."

ಸಂಜೆ ಬಂದವರಿಗೆಲ್ಲ ಅವರದು ಒಂದೇ ಕೋರಿಕೆ: "ಒಂದು ಬಟ್ಟಲು ಉಳಿಸ್ಕೊಂಡು ದಿನಾ ಕುದಿಸ್ತಿರಿ ತಾಯಿ. ನಮ್ಮನೆಯವರು ಸೌಟು ಹಿಡ್ಕೊಂಡು ಇನ್ನೂ ಇಲ್ಲೇ ಓಡಾಡ್ತಿದಾರೆ."